ಮಂದ್ರದ ಹಾವು

ದಸರೆಯಲ್ಲಿ ಮೈಸೂರು ಅರಮನೆಯ ಮುಂದೆ ಪೊಲೀಸರ ಸಮೂಹ ವಾದ್ಯಮೇಳ ನಡೆಯುವ ಸಂಜೆ ನನ್ನ ಕಣ್ಣು ಹಿಂದಿನ ಸಾಲಿನ ಮೇಲೆ. ಜನ ಕ್ಲಾರಿನೆಟ್ಟು, ಟ್ರಂಪೆಟ್ಟು ನೋಡುತ್ತಾರೆ. ಕೋಲು ಹಿಡಿದು ನಿಂತ ಬ್ಯಾಂಡ್ ಮಾಸ್ಟರನ್ನು ನೋಡುತ್ತಾರೆ. ನಾನು ಹುಡುಕುವುದು ಯುಫೋನಿಯಂ ಅಪ್ಪಿಕೊಂಡವರನ್ನು, ಅವರ ಪಕ್ಕದಲ್ಲಿ ಆಕಾಶಕ್ಕೆ ಬಾಯ್ತೆರೆದ ಟ್ಯೂಬಾಗಳನ್ನು. ಅವರು ಊದಿದ್ದು ಕೂತ ಕುರ್ಚಿಗೆ ಮೊದಲು ಬರುತ್ತದೆ, ಆಮೇಲೆ ಬೆನ್ನಿಗೆ, ಕಿವಿಗೆ ಕೊನೆಗೆ.

ಈ ಹುಚ್ಚು ಹಿಡಿಸಿದವರು ನಜರ್‌ಬಾದಿನ ನಮ್ಮ ಬೀದಿಯಲ್ಲಿದ್ದ ಒಬ್ಬರು. ಪೊಲೀಸ್ ಬ್ಯಾಂಡಿನಲ್ಲಿ ಯುಫೋನಿಯಂ ಊದುತ್ತಿದ್ದರು. ಬೀದಿಯ ಮಕ್ಕಳಿಗೆಲ್ಲ ಅವರು ಬ್ಯಾಂಡ್ ಮಾಮ. ಮನೆಯಲ್ಲಿ ಅವರದೇ ಒಂದು ಹಳೆಯ ಯುಫೋನಿಯಂ ಇತ್ತು. ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಹಳೇ ಪಂಚೆ ಹಾಸಿ, ವಾದ್ಯವನ್ನು ಅದರ ಮೇಲೆ ಮಲಗಿಸಿ, ಬ್ರಾಸೋ ಹಚ್ಚಿ ಉಜ್ಜುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಒಂದು ದಿನ ಕರೆದು, ನನ್ನ ಅಂಗೈಯನ್ನು ಹಿತ್ತಾಳೆಯ ಆ ಅಗಲ ಬಾಯಿಯ ಅಂಚಿಗೆ ಒತ್ತಿಸಿ, ಒಂದೇ ಒಂದು ಕೆಳಗಿನ ಸ್ವರ ಊದಿದರು. ಲೋಹ ಬೆಕ್ಕಿನ ಮೈಯಂತೆ ಗುರುಗುಟ್ಟಿತು. ಅದು ನಿಂತ ಮೇಲೂ ಕೈ ತೆಗೆಯಲು ನನಗೆ ಮನಸ್ಸಾಗಲಿಲ್ಲ.

"ಇದರೊಳಗೆ ಸ್ವರ ಇದೆ ಅಂದ್ಕೊಂಡಿದೀಯಾ? ಇಲ್ಲ ಕಣಪ್ಪಾ. ಸ್ವರ ಮೊದಲು ಇಲ್ಲಿರಬೇಕು," ಎಂದು ಹಣೆ ಮುಟ್ಟಿಕೊಂಡರು. "ಆಮೇಲೆ ಇಲ್ಲಿ," ಎಂದು ತುಟಿ ಮುಟ್ಟಿಕೊಂಡರು. "ಪಿಸ್ಟನ್ನು ಕಡೇಗೆ." ತುಟಿಗಳನ್ನು ಒತ್ತಿ ಹಿಡಿದು, ಮಗುವನ್ನು ನಗಿಸುವಂತೆ ಬ್ರ್ರ್ ಎಂದು ಅದುರಿಸಿ ತೋರಿಸಿದರು. ಹಿತ್ತಾಳೆ ವಾದ್ಯ ಅಂದರೆ ಅಷ್ಟೇ: ಅದುರುವ ತುಟಿ, ಅದನ್ನು ಹಿಡಿದು ದೊಡ್ಡದು ಮಾಡುವ ಕೊಳವೆ. ಕೊಳವೆ ಉದ್ದವಾದಷ್ಟೂ ನಾದ ಇಳಿಯುತ್ತದೆ. ಯುಫೋನಿಯಮ್ಮಿನ ಸುರುಳಿ ಬಿಚ್ಚಿದರೆ ಸುಮಾರು 9 ಅಡಿ. ದೊಡ್ಡ ಟ್ಯೂಬಾದ್ದು ಅದರ ಇಮ್ಮಡಿ.

ಮಾಮನ ಮಾತು ನನಗೆ ಪೂರ್ತಿ ಅರ್ಥವಾದದ್ದು ಬಹಳ ವರ್ಷಗಳ ಮೇಲೆ, ಪ್ಯಾರಿಸ್ಸಿನಲ್ಲಿ. ಲಾ ವಿಲೆಟ್ಟಿನ ಸಂಗೀತ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಒಂದು ಕಪ್ಪು ಹಾವು ನಿಂತಿತ್ತು. ಹೆಸರೂ ಅದೇ, ಸರ್ಪೆಂಟ್. ಮೈ ಹಿತ್ತಾಳೆಯದಲ್ಲ, ಮರದ್ದು. ಆದರೂ ತುಟಿ ಅದುರಿಸಿ ಊದುವುದರಿಂದ ಅದು ತುತ್ತೂರಿಗಳ ಕುಲಕ್ಕೇ ಸೇರಿದ್ದು. ಅಕ್ರೋಟು ಮರದ ಎರಡು ಹೋಳುಗಳನ್ನು ತೋಡಿ, ಅಂಟಿಸಿ, ಮೇಲೆ ಚರ್ಮ ಸುತ್ತಿ ಮಾಡುತ್ತಿದ್ದರು. ಸುಮಾರು 8 ಅಡಿಯ ಕೊಳವೆ, ಬಾಯಿಂದ ತುದಿಗೆ ಹೋಗುತ್ತ ಅಗಲವಾಗುತ್ತದೆ. ಅದನ್ನು ನೇರ ಬಿಟ್ಟರೆ ಬೆರಳು ರಂಧ್ರಗಳನ್ನು ಮುಟ್ಟುವುದಿಲ್ಲ; ಅದಕ್ಕೇ ಆ ಬಳುಕು. 1590ರಲ್ಲಿ ಫ್ರಾನ್ಸಿನ ಓಸೇರ್ ಪಟ್ಟಣದ ಪಾದ್ರಿ ಎಡ್ಮೆ ಗಿಯೋಮ್ ಇದನ್ನು ಮಾಡಿದನೆಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಚರ್ಚಿನಲ್ಲಿ ಸ್ತೋತ್ರ ಹಾಡುವ ಗಂಡಸರ ದನಿಗೆ ಕೆಳಗಿನಿಂದ ಆಸರೆ ಕೊಡುವುದು ಅದರ ಕೆಲಸವಾಗಿತ್ತು.

ಇದ್ದದ್ದು ಆರೇ ರಂಧ್ರ. ಅವನ್ನು ಕೊರೆದದ್ದೂ ನಾದಶಾಸ್ತ್ರ ಬೇಡುವ ಜಾಗದಲ್ಲಲ್ಲ, ಮನುಷ್ಯನ ಬೆರಳು ಎಟುಕುವ ಜಾಗದಲ್ಲಿ. ಹಾಗಾಗಿ ಸರ್ಪೆಂಟಿನ ಯಾವ ರಂಧ್ರವನ್ನೂ ನಂಬುವಂತಿಲ್ಲ. ಬೆರಳು ದಾರಿ ತೋರಿಸುತ್ತದೆ, ಮನೆ ಮುಟ್ಟಿಸುವುದು ತುಟಿ. ಊದುವವನ ಮನಸ್ಸಿನಲ್ಲಿ ಸ್ವರ ಆಗಲೇ ಹಾಡುತ್ತಿರದಿದ್ದರೆ ಹೊರಗೆ ಬರುವುದು ಬರೀ ಗೊಗ್ಗರು ಸದ್ದು. ಗಾಜಿನ ಮುಂದೆ ನಿಂತವನಿಗೆ ನಮ್ಮ ವಾಲಗದವರ ನೆನಪಾಯಿತು. ನಾಗಸ್ವರದಲ್ಲಿ ಬೆರಳಿಗೆ ಏಳು ರಂಧ್ರ. ಉಳಿದ ಸ್ವರಗಳನ್ನೂ ಅವುಗಳ ನಡುವಿನ ಗಮಕಗಳನ್ನೂ ಉಸಿರಿನ ಒತ್ತಡದಲ್ಲಿ, ತುಟಿಯ ಹಿಡಿತದಲ್ಲಿ ಹುಟ್ಟಿಸಬೇಕು. ಆ ಹೆಸರಿನಲ್ಲೂ ಒಂದು ಹಾವಿದೆ. ಎರಡಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಎರಡೂ ಕಡೆ ವಾದ್ಯ ಅರ್ಧ ಸ್ವರವನ್ನಷ್ಟೇ ಕೊಡುತ್ತದೆ, ಉಳಿದರ್ಧ ಊದುವವನದು. ನನಗೆ ಪ್ರಿಯವಾದದ್ದು ಅದು.

ಒಳ್ಳೆಯ ಕೈಗೆ ಸಿಕ್ಕ ಸರ್ಪೆಂಟಿನ ದನಿ ಹೇಗಿರುತ್ತದೆ? ತುತ್ತೂರಿಯ ಹೊಳಪಿಲ್ಲ. ಕಂಬಳಿ ಹೊದ್ದ ದನಿ. ದೇವಸ್ಥಾನದ ಒಳಪ್ರಾಕಾರದಲ್ಲಿ ವಯಸ್ಸಾದ ಅರ್ಚಕರು ತಮ್ಮಷ್ಟಕ್ಕೆ ಮಂತ್ರ ಹೇಳಿಕೊಳ್ಳುವಾಗ ಕಲ್ಲು ಮರುದನಿಸುತ್ತದಲ್ಲ, ಅದಕ್ಕೆ ಹತ್ತಿರ. ಫ್ರೆಂಚ್ ಸಂಗೀತ ರಚನೆಕಾರ ಬರ್ಲಿಯೋಜ್ ಈ ವಾದ್ಯವನ್ನು ಒರಟೆಂದು ಬೈದ. ಅವನ ಬೇರೆ ಎಲ್ಲ ಮಾತಿಗೂ ನಾನು ತಲೆಬಾಗುತ್ತೇನೆ, ಇದಕ್ಕಿಲ್ಲ. 1830ರ ತನ್ನ 'ಸಿಂಫೊನಿ ಫಾಂಟಾಸ್ಟಿಕ್'ನ ಕೊನೆಯ ಭಾಗದಲ್ಲಿ, ಗಂಟೆಗಳ ಬಡಿತದ ನಡುವೆ ಸಾವಿನ ಸ್ತೋತ್ರ ಎದ್ದು ಬರಬೇಕಾದಾಗ ಅವನೂ ಮೊದಲು ಬರೆದದ್ದು ಒಂದು ಸರ್ಪೆಂಟಿಗೆ, ಒಂದು ಆಫಿಕ್ಲೈಡಿಗೆ.

ಆಫಿಕ್ಲೈಡ್ ಹಾವಿನ ಮಗ. ಗ್ರೀಕಿನಲ್ಲಿ ಒಫಿಸ್ ಅಂದರೆ ಹಾವು, ಕ್ಲೈಸ್ ಅಂದರೆ ಕೀಲಿ. ಕೀಲಿ ಹಾಕಿದ ಹಾವು. ಪ್ಯಾರಿಸ್ಸಿನ ಅಲಾರಿ ಎಂಬ ವಾದ್ಯಗಾರ 1821ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. ಮೈ ಪೂರ್ತಿ ಹಿತ್ತಾಳೆ, ಮಧ್ಯಕ್ಕೆ ಮಡಿಸಿ ನೆಟ್ಟಗೆ ನಿಲ್ಲಿಸಿದ ಕೊಳವೆ, ಮೈತುಂಬ ತಟ್ಟೆಯಂಥ ಮುಚ್ಚಳಗಳು. ನೋಡಿದರೆ ಸ್ಯಾಕ್ಸೋಫೋನಿನ ಅಣ್ಣ ಅನ್ನಿಸುತ್ತದೆ. ಬೆರಳಿಗೆ ಎಟುಕದ ಕಡೆಯೂ ಈಗ ದೊಡ್ಡ ರಂಧ್ರ ಕೊರೆಯಬಹುದಾಯಿತು, ಸ್ವರ ಸ್ಥಾನಕ್ಕೆ ಬಂತು. ವೇಲ್ಸ್‌ನ ಮೆರ್ಥಿರ್ ಪಟ್ಟಣದಲ್ಲಿ ಕಬ್ಬಿಣದ ಕಾರ್ಖಾನೆಯ ಒಡೆಯರು ಕಟ್ಟಿದ ಕವಾರ್ಥ್‌ವಾ ಬ್ಯಾಂಡಿನಲ್ಲಿ ಸ್ಯಾಮ್ ಹ್ಯೂಸ್ ಎಂಬಾತ ಇದನ್ನು ಊದಿ ಹೆಸರಾದ. ಮುಂದೆ ಲಂಡನ್ನಿನ ಕಾವೆಂಟ್ ಗಾರ್ಡನ್‌ವರೆಗೂ ಹೋದ. ಮೆಂಡೆಲ್ಸನ್ ಹದಿನೇಳರ ವಯಸ್ಸಿನಲ್ಲಿ ಶೇಕ್ಸ್‌ಪಿಯರನ ನಡುಬೇಸಿಗೆಯ ಕನಸಿಗೆಂದು ಬರೆದ ಪೂರ್ವರಂಗದಲ್ಲಿ ಕತ್ತೆ ಅರಚುವ ಸದ್ದು ಬರುತ್ತದೆ. ಹಸ್ತಪ್ರತಿಯಲ್ಲಿ ಅದು ಸರ್ಪೆಂಟಿನ ದಾಯಾದಿಯಾದ ಇಂಗ್ಲಿಷ್ ಬಾಸ್ ಹಾರ್ನಿಗೆ, ಅಚ್ಚಾಗುವಾಗ ಆಫಿಕ್ಲೈಡಿಗೆ. ಈಗ ಹೆಚ್ಚಾಗಿ ಟ್ಯೂಬಾ ಊದುತ್ತಾರೆ. ಚೆನ್ನಾಗಿಯೇ ಇರುತ್ತದೆ, ಆದರೆ ಕತ್ತೆ ತುಂಬ ಸಾಧುವಾಗಿಬಿಡುತ್ತದೆ.

ಯಾಕೆ ಹಾಗಾಗುತ್ತದೆ ಎಂದು ತಿಳಿದ ದಿನದಿಂದ ನನ್ನ ಕಿವಿಯೇ ಬೇರೆಯಾಗಿದೆ. ಆಫಿಕ್ಲೈಡಿನಲ್ಲಿ ಒಂದೊಂದು ಮುಚ್ಚಳ ತೆರೆದಾಗಲೂ ಗಾಳಿಯ ಕಂಬ ಬೇರೆ ಜಾಗದಲ್ಲಿ ಮುಗಿಯುತ್ತದೆ; ನಾದ ಒಮ್ಮೆ ಕಾಲ ಬಳಿಯ ರಂಧ್ರದಿಂದ ಹೊರಬೀಳುತ್ತದೆ, ಒಮ್ಮೆ ನಡುವಿನದರಿಂದ, ಒಮ್ಮೆ ಬಾಯಿಂದಲೇ. ಆದ್ದರಿಂದ ಪ್ರತಿ ಸ್ವರಕ್ಕೂ ಅದರದೇ ಮುಖ. ಷಡ್ಜ ದುಂಡಗೆ ಬಂದರೆ ಪಕ್ಕದ ರಿಷಭ ಸ್ವಲ್ಪ ಮುಸುಕು ಹಾಕಿಕೊಂಡೀತು, ಗಾಂಧಾರ ಗಂಟಲು ಕೆರೆದುಕೊಂಡೀತು. ಟ್ಯೂಬಾದ ಪಿಸ್ಟನ್ನಿನ ದಾರಿ ಇದಲ್ಲ. ಅದು ಒತ್ತಿದಾಗ ಇನ್ನೊಂದು ತುಂಡು ಕೊಳವೆಯನ್ನು ಗಾಳಿಯ ದಾರಿಗೆ ಸೇರಿಸುತ್ತದೆ. ಯಾವ ಸ್ವರವಾದರೂ ಕೊನೆಗೆ ಹೊರಡುವುದು ಅದೇ ಬಾಯಿಂದ. 1835ರಲ್ಲಿ ಬರ್ಲಿನ್ನಿನ ವೀಪ್ರೆಕ್ಟ್ ಮತ್ತು ಮೊರಿಟ್ಸ್ ಟ್ಯೂಬಾಕ್ಕೆ ಹಕ್ಕುಪತ್ರ ಪಡೆದರು. ಮೇಲಿಂದ ಕೆಳಗೆ ಒಂದೇ ಬಣ್ಣದ ದಟ್ಟ ನಾದ, ಬಯಲಲ್ಲೂ ಕೇಳುವಂಥದ್ದು. ಮೆರವಣಿಗೆಯ ಬ್ಯಾಂಡಿಗೆ ಬೇಕಿದ್ದದ್ದು ಅದೇ. ನೂರು ವರ್ಷ ಕಳೆಯುವುದರೊಳಗೆ ಹಾವೂ ಹಾವಿನ ಮಗನೂ ಅಟ್ಟ ಸೇರಿದರು.

ಟ್ಯೂಬಾದ ಮೇಲೆ ನನಗೆ ಮುನಿಸಿಲ್ಲ. ಆ ಸಮನಾದ ದನಿಯ ಅಕ್ಕರೆಯೇ ಬೇರೆ. ಬ್ರುಕ್ನರ್ ತನ್ನ ಏಳನೆಯ ಸಿಂಫನಿಯ ನಿಧಾನದ ಭಾಗದಲ್ಲಿ ವಾಗ್ನರನ ಸಾವಿಗೆ ಮಿಡಿದದ್ದು ನಾಲ್ಕು ವಾಗ್ನರ್ ಟ್ಯೂಬಾಗಳಿಂದ. ಅದನ್ನು ಕೇಳಿದ ರಾತ್ರಿ ನನಗೆ ಬೇಗ ನಿದ್ದೆ ಹತ್ತುವುದಿಲ್ಲ. ಆದರೆ ಸಮ ಮಾಡಿದಾಗ ಕಳೆದದ್ದೂ ಉಂಟು. ಥಾಮಸ್ ಹಾರ್ಡಿಯ 1872ರ 'ಅಂಡರ್ ದ ಗ್ರೀನ್‌ವುಡ್ ಟ್ರೀ' ಕಾದಂಬರಿಯಲ್ಲಿ ಹಳ್ಳಿಯ ಚರ್ಚಿನ ವಾದ್ಯಗಾರರು ಹೋದ ಸರ್ಪೆಂಟನ್ನು ಸತ್ತ ಗೆಳೆಯನಂತೆ ನೆನೆಯುತ್ತಾರೆ. ಆ ಪುಟಗಳಲ್ಲಿ ನನ್ನ ಕಣ್ಣು ನಿಂತುಬಿಡುತ್ತದೆ.

ಅಟ್ಟ ಸೇರಿದ್ದು ಅಲ್ಲೇ ಉಳಿಯಲಿಲ್ಲ ಎನ್ನುವುದು ನನ್ನ ಸಂತೋಷ. ಇಂಗ್ಲೆಂಡಿನ ಕ್ರಿಸ್ಟೋಫರ್ ಮಂಕ್ ಸರ್ಪೆಂಟನ್ನು ಮತ್ತೆ ಕಲಿತರು, ಕೈಯಾರೆ ಮಾಡಿದರು; 1976ರಲ್ಲಿ ಅವರಿದ್ದ ಲಂಡನ್ ಸರ್ಪೆಂಟ್ ಟ್ರಯೋ ಹುಟ್ಟಿತು. 1979ರ 'ಏಲಿಯನ್' ಚಿತ್ರದ ಸಂಗೀತದಲ್ಲಿ ಜೆರ್ರಿ ಗೋಲ್ಡ್‌ಸ್ಮಿತ್ ಅದನ್ನು ಬಳಸಿದರು. ಫ್ರಾನ್ಸಿನ ಮಿಶೆಲ್ ಗೋಡಾರ್ ಅದರಲ್ಲಿ ಜಾಝ್ ನುಡಿಸುತ್ತಾರೆ. ಅವರ ಕೈಯಲ್ಲಿ ಹಾವು ನಿಜಕ್ಕೂ ಹಾಡುತ್ತದೆ. ಸಿಡ್ನಿಯ ಟ್ರಂಬೋನ್ ವಾದಕ ನಿಕ್ ಬರ್ನ್ ಆಫಿಕ್ಲೈಡಿನದೇ ಒಂದು ಇಡೀ ಧ್ವನಿಮುದ್ರಿಕೆ ಮಾಡಿದ್ದಾರೆ.

ಅದನ್ನು ಹೋದ ದಸರೆಯ ಹೊತ್ತಿಗೆ ಬ್ಯಾಂಡ್ ಮಾಮನಿಗೆ ಕೇಳಿಸಿದೆ. ನಿವೃತ್ತಿಯಾಗಿ ಎಷ್ಟೋ ವರ್ಷ. ಹಲ್ಲು ಹೋಗಿವೆ, ಹಲ್ಲು ಹೋದ ಮೇಲೆ ಊದುವುದು ಆಗದು. ಯುಫೋನಿಯಂ ಬಟ್ಟೆಯ ಚೀಲದಲ್ಲಿ ಬೀರುವಿನ ಮೇಲಿದೆ. ನಾನು ಸ್ಪೀಕರನ್ನು ಟೀಪಾಯಿಯ ಮೇಲಿಟ್ಟೆ. ಯಾವ ವಾದ್ಯ ಎಂದು ಹೇಳಲಿಲ್ಲ. ಅವರು ಕೈ ಚಾಚಿ ಅಂಗೈಯನ್ನು ಸ್ಪೀಕರಿನ ಮೈಗೆ ಒತ್ತಿ, ಕಣ್ಣು ಮುಚ್ಚಿದರು.

"ಯುಫೋನಿಯಂ ಅಲ್ಲ," ಎಂದರು ಸ್ವಲ್ಪ ಹೊತ್ತಿಗೆ. "ಅಣ್ಣತಮ್ಮಂದಿರ ಪೈಕಿ ಇರಬೇಕು." ಮತ್ತೆ ಕೇಳಿದರು. "ನೋಡು, ಈ ಸ್ವರ ಎದೆಯಿಂದ ಬಂತು. ಅದರ ಪಕ್ಕದ್ದು ಮೂಗಿಂದ. ಊದೋನು ಬೇಕೂಂತ ಮಾಡ್ತಿಲ್ಲ, ಅವನ ತುಟಿ ಒಂದೇ ಸಮ ಇದೆ. ವಾದ್ಯಾನೇ ಹಂಗೆ."

ನಾನು ಮುಚ್ಚಳಗಳ ವಿಷಯ ಹೇಳಿದೆ, ನಾದ ಬೇರೆ ಬೇರೆ ಕಿಂಡಿಯಿಂದ ಬರುವ ವಿಷಯ. ಅವರು ಕೇಳಿಸಿಕೊಂಡರೋ ಇಲ್ಲವೋ. ಪದ ಮುಗಿದಿತ್ತು, ಅಂಗೈ ಸ್ಪೀಕರಿನ ಮೇಲೇ ಇತ್ತು.

"ಆ ಮೂಗಿಂದ ಬಂತಲ್ಲ, ಅಲ್ಲಿಂದ ಹಾಕು," ಎಂದರು. ಹಾಕಿದೆ. ಈ ಸಲ ಅವರ ತುಟಿಗಳು ಒಂದಕ್ಕೊಂದು ಒತ್ತಿಕೊಂಡು, ಸದ್ದಿಲ್ಲದೆ ಅದುರಲು ಶುರುವಾದವು.