ಸ್ವಲ್ಪ

ಕನ್ನಡದಲ್ಲಿ ನನಗೆ ಇಂದಿಗೂ ಒಗ್ಗದ ಮಾತು ಒಂದಿದೆ, ಅದು ‘ಸ್ವಲ್ಪ’. ನಿಘಂಟಿನಲ್ಲಿ ಅದರ ಅರ್ಥ ಸುಲಭವಾಗಿಯೇ ಇದೆ. ನಾಲಗೆಗೆ ಅದನ್ನು ತಿಳಿಯಹೇಳುವುದು ಹೇಗೆಂಬುದೇ ಪ್ರಶ್ನೆ. ನನ್ನ ಹೆಂಡತಿ ಡಬ್ಬಿಯಿಂದ ಒಂದು ಚಕ್ಕುಲಿ ತೆಗೆದು, ಅರ್ಧ ಮುರಿದು ತಿಂದು, ಉಳಿದರ್ಧವನ್ನು ಮತ್ತೆ ಡಬ್ಬಿಗೆ ಹಾಕಿ, ಮಹಡಿಗೆ ಹೋಗಿ ನೆಮ್ಮದಿಯಾಗಿ ಬಟ್ಟೆ ಒಣಹಾಕಬಲ್ಲಳು. ಆ ಹೊತ್ತಿನಲ್ಲಿ ಆಕೆಗೆ ಅರ್ಧ ಚಕ್ಕುಲಿಯ ನೆನಪೂ ಇರುವುದಿಲ್ಲ. ಕೆಳಗೆ ಪತ್ರಿಕೆ ಹಿಡಿದು ಕುಳಿತ ನನಗೆ ಇರುತ್ತದೆ. ಸಂಪಾದಕೀಯದ ಎರಡನೆಯ ವಾಕ್ಯ ದಾಟುವ ಮೊದಲೇ ಅದು ಡಬ್ಬಿಯೊಳಗಿನಿಂದ ಕರೆಯಲು ತೊಡಗುತ್ತದೆ. ಆ ಅರ್ಧದ ಕಥೆ ಮುಗಿದರೆ ಅದರ ಬಂಧುಬಳಗದ ಸರದಿ. ಬೇರೆಯವರಿಗೆ ಚಕ್ಕುಲಿಯ ಲೆಕ್ಕ ಒಂದು, ಎರಡು, ಮೂರು ಎಂದು ನಡೆಯುತ್ತದೆ. ನನ್ನಂಥವರಿಗೆ ಇರುವುದು ಎರಡೇ ಸಂಖ್ಯೆ: ಸೊನ್ನೆ ಮತ್ತು ಡಬ್ಬಿ.

ಇದು ನಮ್ಮ ವಂಶದಲ್ಲಿಯೇ ಹರಿದುಬಂದ ಗುಣ. ನಮ್ಮ ತಾತ ನಶ್ಯದ ಭಕ್ತರು. ಅವರ ಪಂಚೆಯ ಅಂಚಿಗೂ ಪಂಚಾಂಗದ ಪುಟಗಳಿಗೂ ಒಂದೇ ಬಣ್ಣ. ಕೊನೆಗೊಂದು ದಿನ ನಶ್ಯದ ಡಬ್ಬಿಯನ್ನು ಬಾವಿಗೆ ಎಸೆದರು, ಊರೆಲ್ಲ ಕೊಂಡಾಡಿತು. ತಿಂಗಳು ಕಳೆಯುವುದರೊಳಗೆ ಬಾಯಿ ತುಂಬ ಎಲೆಯಡಿಕೆ. ಚಿಕ್ಕಪ್ಪನಿಗೆ ಲಾಟರಿ. ೨೦೦೭ರಲ್ಲಿ ಕರ್ನಾಟಕ ಸರ್ಕಾರ ಲಾಟರಿಯನ್ನು ನಿಷೇಧಿಸಿದಾಗ ಚಿಕ್ಕಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಚಿಕ್ಕಪ್ಪ ಎರಡು ವಾರ ಮಂಕಾಗಿ ಕುಳಿತಿದ್ದು, ಮೂರನೆಯ ವಾರ ಪದಬಂಧಕ್ಕೆ ಕೈಹಾಕಿದರು. ಈಗ ಆ ಮನೆಗೆ ನಾಲ್ಕು ಪತ್ರಿಕೆ ಬರುತ್ತವೆ. ಅಷ್ಟೂ ಚೌಕಗಳು ತುಂಬುವವರೆಗೆ ಯಾರೂ ಸುದ್ದಿ ಓದುವಂತಿಲ್ಲ. ಚಟ ಬಿಟ್ಟುಹೋಯಿತೆಂದು ನಾವು ತಿಳಿಯುತ್ತೇವೆ. ಅದು ಬಾಡಿಗೆಯವನ ಹಾಗೆ ಬೇರೆ ಮನೆ ನೋಡಿಕೊಂಡಿರುತ್ತದೆ. ಇಂಥ ಸ್ವಭಾವಕ್ಕೆ ಇಂಗ್ಲಿಷಿನಲ್ಲಿ ‘ಅಡಿಕ್ಟಿವ್ ಪರ್ಸನಾಲಿಟಿ’ ಎಂಬ ಭಾರಿ ಹೆಸರಿದೆ. ಆದರೆ ಮನೋವೈದ್ಯರ ರೋಗಗಳ ಪಟ್ಟಿಯಲ್ಲಿ ಆ ಹೆಸರಿನ ರೋಗವೇ ಇಲ್ಲ. ಪಟ್ಟಿ ಮಾಡಿದವರು ನಮ್ಮ ಮನೆಗೆ ಬಂದಿರಲಾರರು.

ತಂದೆಯವರ ವಿಷಯ ನಗುವಂಥದ್ದಲ್ಲ. ಅವರಿಗೆ ಬೀಡಿಯಿಲ್ಲ, ಇಸ್ಪೀಟಿಲ್ಲ, ಇದ್ದದ್ದು ಅನ್ನ. ಸಕ್ಕರೆ ಕಾಯಿಲೆ ಬಂದಮೇಲೂ ಹದಿನೆಂಟು ವರ್ಷ ಅವರು ‘ಸ್ವಲ್ಪವೇ’ ಉಂಡರು. ಸಾರಿಗೆ ಸ್ವಲ್ಪ, ಹುಳಿಗೆ ಸ್ವಲ್ಪ, ಮಜ್ಜಿಗೆಗೆ ಸ್ವಲ್ಪ, ಮಜ್ಜಿಗೆ ಮಿಕ್ಕಿತೆಂದು ಇನ್ನು ಸ್ವಲ್ಪ. ಒಮ್ಮೆ ಹೊಸ ಚಪ್ಪಲಿ ಕಚ್ಚಿ ಗಾಯವಾಯಿತು. ಪಾದದಲ್ಲಿ ಸ್ಪರ್ಶವೇ ಹೋಗಿದ್ದುದರಿಂದ ಅದು ತಿಳಿಯುವ ಹೊತ್ತಿಗೆ ಕೀವು ಕಟ್ಟಿತ್ತು. ಮೊದಲು ಎರಡು ಬೆರಳು, ಆಮೇಲೆ ಮೊಣಕಾಲಿನ ಕೆಳಗಿನಷ್ಟೂ ತೆಗೆದರು. ಆಸ್ಪತ್ರೆಯಿಂದ ಬಂದ ದಿನ ಊಟಕ್ಕೆ ಕುಳಿತು ಅವರು ಕೇಳಿದ್ದು, ಎಂದಿನಂತೆ, ಇನ್ನು ಸ್ವಲ್ಪ ಅನ್ನ. ಬಡಿಸಿದವಳು ಅಮ್ಮ. ಬೇಡವೆನ್ನಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಎರಡು ವರ್ಷದ ಹಿಂದೆ ನನ್ನ ರಕ್ತದಲ್ಲಿಯೂ ಅದೇ ಸಕ್ಕರೆ ಕಾಣಿಸಿಕೊಂಡಿತು. ೨೦೨೧ರಲ್ಲಿಯೇ ಈ ದೇಶದಲ್ಲಿ ಸಕ್ಕರೆ ಕಾಯಿಲೆಯವರು ೧೦ ಕೋಟಿಗೆ ಮಿಕ್ಕಿದ್ದರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ೨೦೨೩ರಲ್ಲಿ ಲೆಕ್ಕ ಕೊಟ್ಟಿದೆ. ಆದ್ದರಿಂದ ಇದರಲ್ಲಿ ನನ್ನ ಹೆಚ್ಚುಗಾರಿಕೆಯೇನೂ ಇಲ್ಲ. ಡಾಕ್ಟರು ವರದಿ ನೋಡಿ, “ಅನ್ನ ಸ್ವಲ್ಪ ಕಡಮೆ ಮಾಡಿ” ಎಂದರು.

“ಸ್ವಲ್ಪ ನನ್ನ ಕೈಲಿ ಆಗುವುದಿಲ್ಲ ಡಾಕ್ಟರೆ. ಪೂರ್ತಿ ಬಿಡುತ್ತೇನೆ.”

“ಪೂರ್ತಿ ಬಿಡುವುದು ಇನ್ನೂ ಕಷ್ಟವಲ್ಲವೆ?”

“ಅದು ನಿಮ್ಮಂಥವರಿಗೆ.”

ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿ ಮಾತ್ರೆಗಳ ಪ್ರಮಾಣ ಇಳಿಸಿದರು. ಮಾತ್ರೆ ಹಾಗೆಯೇ ಇದ್ದು ಪಿಷ್ಟ ಮಾತ್ರ ನಿಂತರೆ ಸಕ್ಕರೆ ಪಾತಾಳಕ್ಕೆ ಇಳಿಯಬಹುದಂತೆ. ಇದನ್ನು ಓದಿ ಯಾರಾದರೂ ಇವತ್ತೇ ಅನ್ನದ ತಪ್ಪಲೆ ಮಗುಚುವುದಿದ್ದರೆ ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು.

ಪಿಷ್ಟವನ್ನು ಬಿಡಲು ಹೊರಟಾಗಲೇ ತಿಳಿದದ್ದು, ಅದು ಎಲ್ಲೆಲ್ಲಿ ವಾಸವಾಗಿದೆಯೆಂದು. ನೂರು ಗ್ರಾಂ ಅಕ್ಕಿಯಲ್ಲಿ ಅದು ಸುಮಾರು ೭೮ ಗ್ರಾಂ. ರಾಗಿ ಉಂಡರೆ ರೋಗವಿಲ್ಲವೆಂದು ನಂಬಿ ಬೆಳೆದವನು ನಾನು. ರಾಗಿಯಲ್ಲಿಯೂ ಮೂರರಲ್ಲಿ ಎರಡು ಪಾಲು ಅದೇ. ನಾರು ಹೆಚ್ಚು, ಸುಣ್ಣದ ಅಂಶ ಬಹಳ ಹೆಚ್ಚು. ಹಾಗೆಂದು ಮುದ್ದೆಯನ್ನು ಸೊಪ್ಪಿನ ಜಾತಿಗೆ ಸೇರಿಸಲು ಬರುವುದಿಲ್ಲ. ಏಕಾದಶಿಯ ದಿನ ಅನ್ನ ಬಿಟ್ಟು ಅವಲಕ್ಕಿಯನ್ನೂ ಸಬ್ಬಕ್ಕಿಯನ್ನೂ ತಿಂದು ಉಪವಾಸ ಮಾಡುತ್ತೇವಲ್ಲ, ಅದರ ಪುಣ್ಯದ ವಿಷಯ ಬಲ್ಲವರು ಹೇಳಬೇಕು. ರಕ್ತಕ್ಕೆ ಅದು ಉಪವಾಸವೆಂದು ತಿಳಿಯುವುದಿಲ್ಲ.

ಈ ಪಥ್ಯ ನಿನ್ನೆ ಮೊನ್ನೆ ಹುಟ್ಟಿದ ಹುಚ್ಚೆನ್ನುವವರಿದ್ದಾರೆ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ೧೮೬೩ರಲ್ಲಿಯೇ ತನ್ನ ಬೊಜ್ಜಿನ ಕಥೆಯನ್ನು ಸಾರ್ವಜನಿಕರಿಗೆ ಬರೆದ ಪತ್ರವಾಗಿ ಅಚ್ಚುಹಾಕಿಸಿದ. ಆತನ ವೃತ್ತಿ ಶವಸಂಸ್ಕಾರದ ಏರ್ಪಾಡು. ತೂಕ ೨೦೨ ಪೌಂಡು. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯನಲ್ಲಿಗೆ ಹೋದರೆ ಆತ ಕಿವಿಯನ್ನು ಬಿಟ್ಟು ಬಾಯಿಯನ್ನು ಹಿಡಿದ: ಬ್ರೆಡ್ಡು, ಸಕ್ಕರೆ, ಆಲೂಗೆಡ್ಡೆ, ಬಿಯರು ಎಲ್ಲ ನಿಲ್ಲಿಸಿದ. ಸುಮಾರು ಒಂದು ವರ್ಷದಲ್ಲಿ ೪೬ ಪೌಂಡು ಇಳಿಯಿತು. ಇತರರನ್ನು ಕಳುಹಿಸಿಕೊಡುವ ಉದ್ಯೋಗದ ಆ ಮನುಷ್ಯ ೮೧ ವರ್ಷ ಬದುಕಿ ೧೮೭೮ರಲ್ಲಿ ತೀರಿಕೊಂಡ. ಸ್ವೀಡನ್ನಿನ ಭಾಷೆಯಲ್ಲಿ ತೂಕ ಇಳಿಸಲು ಪಥ್ಯ ಮಾಡುವುದಕ್ಕೆ ಇಂದಿಗೂ ‘ಬಾಂಟಾ’ ಎನ್ನುತ್ತಾರೆ. ಆತನಿಗೇನು, ಮೀನು ಮಾಂಸಗಳಿದ್ದುವು. ನಮ್ಮಂಥ ಸೊಪ್ಪು ತಿನ್ನುವವರಿಗೆ ಉಳಿಯುವುದು ಸೊಪ್ಪೇ. ಜೊತೆಗೆ ಮೊಸರು, ಪನೀರು, ತೆಂಗಿನಕಾಯಿ, ಕಡಲೆಕಾಯಿ, ಪಿಷ್ಟವಿಲ್ಲದ ಬಡ ತರಕಾರಿಗಳು.

ಮೊದಲ ವಾರ ತಲೆನೋವು. ಪಿಷ್ಟ ನಿಂತಾಗ ದೇಹ ನೀರನ್ನೂ ಉಪ್ಪನ್ನೂ ಹೊರಹಾಕುತ್ತದಂತೆ. ಉಪ್ಪು ಹಾಕಿದ ನೀರುಮಜ್ಜಿಗೆಯಿಂದ ಅದು ಹೋಯಿತು. ಸಂಜೆ ನಾಲ್ಕು ಗಂಟೆ ಹಾಗೆ ಹೋಗುವಂಥದ್ದಲ್ಲ. ನಮ್ಮ ಬೀದಿಯ ತಿರುವಿನ ದರ್ಶಿನಿಯಲ್ಲಿ ಬೋಂಡ ಬಾಣಲೆಗೆ ಬೀಳುವ ಹೊತ್ತು ಅದು. ಹೊಟ್ಟೆ ತುಂಬಿದ್ದರೂ ಬಾಯಿ ಬರಿದಾಗಿರುವ ಹೊತ್ತು. ನಾನು ಗಡಿಯಾರ ಮುಂದಿಟ್ಟುಕೊಂಡು ಕುಳಿತು ನೋಡಿದ್ದೇನೆ. ಐದು ನಿಮಿಷ ಆಸೆ ಏರುತ್ತದೆ. ಹತ್ತರ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಳ್ಳೆನ್ನುತ್ತದೆ. ಇಪ್ಪತ್ತು ದಾಟಿದರೆ, ಅಂಗಡಿಯ ಸೂರಿನಡಿ ನಿಂತವನ ಮುಂದೆ ಮಳೆ ನಿಲ್ಲುವಂತೆ, ತಾನಾಗಿ ನಿಲ್ಲುತ್ತದೆ. ಆ ಇಪ್ಪತ್ತು ನಿಮಿಷಕ್ಕೆ ಬೇಯಿಸಿದ ಕಡಲೆಕಾಯಿ ಇಟ್ಟುಕೊಂಡರೆ ಕಡಲೆಕಾಯಿಯ ಮೇಲೂ ವಂಶದ ಕಣ್ಣು ಬೀಳುತ್ತದೆ. ಆದ್ದರಿಂದ ಹೆಂಡತಿ ಎಣಿಸಿ ಕೊಡುತ್ತಾಳೆ, ಕೊಟ್ಟು ಡಬ್ಬಿಯನ್ನು ಎಲ್ಲಿಯೋ ಇಡುತ್ತಾಳೆ. ಎಲ್ಲಿ ಎಂದು ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ಇಪ್ಪತ್ತೇಳು ವರ್ಷದ ದಾಂಪತ್ಯದಲ್ಲಿ ಇಷ್ಟು ಚೆನ್ನಾಗಿ ನಡೆದ ಒಪ್ಪಂದ ಬೇರೆ ಇಲ್ಲ.

ನಾಲ್ಕು ಗಂಟೆಗಿಂತ ದೊಡ್ಡ ತೊಡಕು ಅಮ್ಮ. ಆಕೆಗೆ ಈಗ ಎಂಬತ್ತಮೂರು. ಮಗ ತಟ್ಟೆಯ ಮುಂದೆ ಕುಳಿತು ಅನ್ನ ಬೇಡವೆಂದರೆ ಆಕೆಗೆ ಕೇಳಿಸುವುದು ‘ಅನ್ನ ಬೇಡ’ ಎಂದಲ್ಲ. ಮೊದಲ ದಿನಗಳಲ್ಲಿ ಸೌಟು ಹಿಡಿದು ನಿಂತು, “ಒಂದು ತುತ್ತಿಗೆ ಏನಾಗುತ್ತೋ ಮಗು?” ಎನ್ನುತ್ತಿದ್ದಳು. ತಂದೆಯವರ ಕಾಲಿನ ಮಾತು ನನ್ನ ತುಟಿಯವರೆಗೆ ಬರುತ್ತಿತ್ತು. ಅದನ್ನು ಆಡಿದ್ದರೆ ವಾದ ಗೆಲ್ಲುತ್ತಿದ್ದೆ. ಆದರೆ ಬಡಿಸಿದ ಕೈ ಅದು. ಮಾತು ನೆಟ್ಟಗೆ ಅಲ್ಲಿಗೇ ಹೋಗಿ ನಾಟುತ್ತಿತ್ತು. ಹೇಳದೆಯೇ ಆಕೆಗೆ ಗೊತ್ತಿತ್ತೋ ಏನೋ. ಸೌಟು ನಿಧಾನವಾಗಿ ಹಿಂದಕ್ಕೆ ಹೋಗುತ್ತಿತ್ತು, ಮಾರನೆಯ ದಿನ ಮತ್ತೆ ಬರುತ್ತಿತ್ತು.

ಕಾಶಿಗೆ ಹೋದವರು ಒಂದು ಹಣ್ಣು, ಒಂದು ಕಾಯಿಪಲ್ಯ ಬಿಟ್ಟುಬರಬೇಕೆಂಬ ಪದ್ಧತಿ ವಾಚಕರಿಗೆ ತಿಳಿದದ್ದೇ. ಜಾಣರು ಹಾಗಲಕಾಯಿ ಬಿಡುತ್ತಾರೆ. ಅಮ್ಮ ೧೯೯೪ರಲ್ಲಿ ಹೋದಾಗ ಬಿಟ್ಟದ್ದು ಹಲಸಿನ ಹಣ್ಣನ್ನು, ತವರಿನ ಹಿತ್ತಲಲ್ಲಿ ಬುಡದಿಂದಲೇ ಕಾಯಿ ಬಿಡುವ ಮರದಡಿ ಬೆಳೆದವಳು. ಕಳೆದ ಬೇಸಗೆಯಲ್ಲಿ ಮನೆಯೆಲ್ಲ ಹಲಸಿನ ಘಮಲು ತುಂಬಿದ್ದಾಗ, ಆಕೆ ತಾನೇ ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ ಮೊಮ್ಮಕ್ಕಳಿಗೆ ಹಂಚುತ್ತಿದ್ದಳು. “ಆಸೆ ಆಗುವುದಿಲ್ಲವೇನಮ್ಮ?” ಎಂದು ಕೇಳಿದೆ.

“ಬಿಟ್ಟಮೇಲೆ ಆಸೆ ಎಲ್ಲಿಂದ ಬಂತೋ? ತಿನ್ನಬಹುದು ಅಂತಿದ್ದರೆ ತಾನೆ ಆಸೆ” ಎಂದಳು, ತಲೆ ಎತ್ತದೆ.

ಈ ಮಾತನ್ನೇ ಟೆಲ್ ಅವೀವ್ ವಿಶ್ವವಿದ್ಯಾನಿಲಯದ ರುವೆನ್ ಡಾರ್ ಮತ್ತು ಅವರ ಸಂಗಡಿಗರು ೨೦೧೦ರಲ್ಲಿ ಬೇರೆ ದಾರಿಯಿಂದ ಮುಟ್ಟಿದ್ದರು. ಅವರು ಹಿಡಿದದ್ದು ಸಿಗರೇಟು ಸೇದುವ ವಿಮಾನ ಪರಿಚಾರಕರನ್ನು. ವಿಮಾನದಲ್ಲಿ ಸೇದುವಂತಿಲ್ಲ. ಹತ್ತು ಗಂಟೆ ದಾಟುವ ದೂರದ ಪ್ರಯಾಣದಲ್ಲಿ ಚಡಪಡಿಕೆ ಹೆಚ್ಚೋ, ಮೂರರಿಂದ ಐದು ಗಂಟೆಯ ಹತ್ತಿರದ ಪ್ರಯಾಣದಲ್ಲೋ? ನೋಡಿದರೆ, ಕೊನೆಯ ಸಿಗರೇಟು ಸೇದಿ ಎಷ್ಟು ಹೊತ್ತಾಯಿತೆಂಬುದಕ್ಕಿಂತ ವಿಮಾನ ಇಳಿಯಲು ಎಷ್ಟು ಹೊತ್ತಿದೆಯೆಂಬುದೇ ಮುಖ್ಯವಾಗಿತ್ತು. ಅಷ್ಟೇ ಗಂಟೆ ಸೇದದೆ ಕಳೆದಿದ್ದರೂ ಇಳಿಯುವುದು ಹತ್ತಿರವಾದವರಿಗೆ ಆಸೆ ಕೆರಳುತ್ತಿತ್ತು; ದಾರಿ ಇನ್ನೂ ಬಹಳವಿದ್ದವರು ಸುಮ್ಮನಿದ್ದರು. ‘ಸ್ವಲ್ಪ ತಿನ್ನಬಹುದು’ ಎಂಬುವನ ವಿಮಾನ ದಿನಕ್ಕೆ ಮೂರು ಸಲ ಇಳಿಯುತ್ತದೆ. ಅಮ್ಮನದು ಮೂವತ್ತು ವರ್ಷಗಳಿಂದ ಇಳಿದೇ ಇಲ್ಲ.

ಆ ದಿನದ ನಂತರ ಸೌಟು ನನ್ನ ತಟ್ಟೆಯ ಕಡೆಗೆ ಬರುವುದು ನಿಂತಿತು. ಏಕೆಂದು ತಿಳಿದದ್ದು ಈ ಯುಗಾದಿಯಲ್ಲಿ. ನೆಂಟರೊಬ್ಬರು ಹೋಳಿಗೆಯ ತಟ್ಟೆ ಹಿಡಿದು ನನ್ನ ಎಲೆಯ ಮುಂದೆ ಬಗ್ಗಿ, ಹಬ್ಬದ ದಿನ ಡಾಕ್ಟರ ಮಾತಿಗೆ ರಜ ಎನ್ನುತ್ತ ಹಟ ಹಿಡಿದರು. ಸಕ್ಕರೆಯ ಅಂಕಿ ಹೇಳಿದೆ. ಮೂರು ತಿಂಗಳ ಸರಾಸರಿ ೯.೨ ಇದ್ದದ್ದು ೬.೩ಕ್ಕೆ ಇಳಿದಿದೆಯೆಂದೆ. “ಇಳಿದಿದೆಯಲ್ಲ, ಹಾಗಾದರೆ ಒಂದು!” ಎಂದರು. ಆಗ ಅಡಿಗೆಮನೆಯ ಬಾಗಿಲಿನಿಂದ ಅಮ್ಮ, “ಅವನು ಅದನ್ನು ಕಾಶೀಲಿ ಬಿಟ್ಟಿದ್ದಾನೆ” ಎಂದಳು. ನೆಂಟರು ಕೈಯನ್ನು ತಟ್ಟನೆ ಹಿಂದಕ್ಕೆ ತೆಗೆದುಕೊಂಡು, ಯಾವ ವರ್ಷವೆಂದೂ ಕೇಳದೆ, ಪಕ್ಕದ ಎಲೆಗೆ ಹೋದರು. ನಾನು ಕಾಶಿಯನ್ನು ಚಿತ್ರದಲ್ಲಿ ನೋಡಿದ್ದೇನೆ.

ಅಂದು ರಾತ್ರಿಯೇ ಅಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. “ದೇವರ ಹೆಸರಿನಲ್ಲಿ ಸುಳ್ಳಾಡಿದ್ದೇನೆ ಕಣೋ, ನಿಜ ಮಾಡಿಬಿಡು” ಎಂದು ದಿನವೂ ವರಾತ. ಕಾರ್ತಿಕದಲ್ಲಿ ಹೋಗುವುದೆಂದು ಗೊತ್ತಾಗಿದೆ, ಆಕೆಯೂ ಬರುತ್ತಾಳಂತೆ. ಹಣ್ಣು ಕಾಯಿಪಲ್ಯವಲ್ಲದೆ ಅನ್ನವನ್ನು ಬಿಡಲು ಶಾಸ್ತ್ರ ಒಪ್ಪುತ್ತದೆಯೇ ಎಂದು ಪುರೋಹಿತರನ್ನು ಕೇಳಿದೆ. ನೋಡಿ ಹೇಳುತ್ತೇನೆಂದಿದ್ದಾರೆ. ಅಮ್ಮನ ಚಿಂತೆ ಬೇರೆ. ರೈಲಿನಲ್ಲಿ ಎರಡು ರಾತ್ರಿ ಕಳೆಯಬೇಕು. ಚಪಾತಿಯೂ ಅಲ್ಲ, ಪುಳಿಯೋಗರೆಯೂ ಅಲ್ಲ, ಅವಲಕ್ಕಿಯೂ ಅಲ್ಲ ಎಂದರೆ ದಾರಿಗೆ ಬುತ್ತಿ ಕಟ್ಟುವುದು ಏನನ್ನು?