ಎತ್ತಿದ ಗಾಡಿ

ಗಂಡಸು ತನ್ನ ವಯಸ್ಸನ್ನು ಕನ್ನಡಿಯಲ್ಲಿ ಕಂಡರೆ ನಂಬುವುದಿಲ್ಲ. ವೈದ್ಯರು ಹೇಳಿದರೆ ಅರ್ಧ ಮಾತ್ರ ನಂಬುತ್ತಾನೆ. ಆದರೆ ಮೋಟರು ಸೈಕಲ್ಲನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಲು ಹೋಗಿ, ಒಮ್ಮೆ ಎಳೆದು, ಇನ್ನೊಮ್ಮೆ ಎಳೆದು, ಮೂರನೆಯ ಸಲ ಎಳೆಯುವ ಮುನ್ನ ಬೀದಿಯಲ್ಲಿ ಯಾರಾದರೂ ನೋಡುತ್ತಿರುವರೇ ಎಂದು ಕಳ್ಳನೋಟ ಬೀರಿದ ದಿನ ಆ ವಿಷಯ ಅವನಿಗೆ ಖಚಿತವಾಗಿಬಿಡುತ್ತದೆ. ನನಗೆ ಆ ದಿನ ಬಂದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, ಶ್ರೀನಗರದ ನಮ್ಮ ಮನೆಯ ಮುಂದೆ. ನೋಡುತ್ತಿದ್ದವಳು ನನ್ನ ಹೆಂಡತಿಯೊಬ್ಬಳೇ. ಆಕೆಯೂ ನೋಡಲಿಲ್ಲವೆಂಬಂತೆ ತಾನು ಹಾಕುತ್ತಿದ್ದ ರಂಗೋಲಿಯ ಕಡೆಗೆ ಮುಖ ತಿರುಗಿಸಿಕೊಂಡಳು.

ಗಾಡಿ ನನ್ನ ಯೆಜ್ಡಿ, 1984ರಲ್ಲಿ ಕೊಂಡದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು ಎಂಬ ಅಭಿಮಾನ ಅದರ ಮಾಲೀಕರೆಲ್ಲರಿಗೂ ಇರುವಂತೆ ನನಗೂ ಉಂಟು. ರುಸ್ತುಂ ಇರಾನಿಯವರು 1960ರಲ್ಲಿ ಸ್ಥಾಪಿಸಿದ ಆ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರು. ಮೊದಲು ಜಾವಾ ಎಂದೂ 1973ರಿಂದ ಯೆಜ್ಡಿ ಎಂದೂ ಹೆಸರು ಹೊತ್ತು ಗಾಡಿಗಳು ಅಲ್ಲಿಂದ ಹೊರಟವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಗೇರು ಹಾಕುವ ಸನ್ನೆಯನ್ನೇ ತಿರುಗಿಸಿ ಒದ್ದರೆ ಎಂಜಿನು ಶುರುವಾಗುವ ಆ ಚಮತ್ಕಾರವನ್ನು ಇಂದಿನ ಹುಡುಗರಿಗೆ ತೋರಿಸಿದರೆ ಇಂದ್ರಜಾಲ ನೋಡಿದವರಂತೆ ಕಣ್ಣರಳಿಸುತ್ತಾರೆ.

ಕಾರ್ಖಾನೆ ಮುಚ್ಚಿದರೂ ನಮ್ಮ ಬಡಾವಣೆಯಲ್ಲಿ ಈ ಗಾಡಿಯ ನಾಡಿ ಬಲ್ಲ ಮೆಕ್ಯಾನಿಕ್ಕೊಬ್ಬರು ಬಹುಕಾಲ ಇದ್ದರು. ಅವರು ಅಂಗಡಿ ಮುಚ್ಚಿ ಊರು ಸೇರಿದ ಮೇಲೆ ಸಣ್ಣಪುಟ್ಟ ಕೆಲಸವೆಲ್ಲ ನನ್ನ ಪಾಲಿಗೆ ಬಿತ್ತು. ಆದರೆ ನೆಲದಲ್ಲಿ ಕುಳಿತು ಬಗ್ಗಿ ಕೆಲಸ ಮಾಡಲು ಸೊಂಟ ಒಪ್ಪುವುದಿಲ್ಲ. ಗಾಡಿಯನ್ನು ಎತ್ತಿ ನಿಲ್ಲಿಸಲು ತೋಳು ಒಪ್ಪುವುದಿಲ್ಲ. "ಅಪ್ಪ, ಒಂದೋ ಅದನ್ನು ಮಾರಿಬಿಡಿ, ಇಲ್ಲವೇ ಒಂದು ಲಿಫ್ಟ್ ತಂದುಬಿಡಿ" ಎಂದ ಮಗ. ಮೊದಲ ಸಲಹೆಯನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಲಿಫ್ಟನ್ನು ಹುಡುಕಿಕೊಂಡು ಜೆ.ಸಿ. ರಸ್ತೆಗೆ ಹೋದೆ. ಗಾಡಿ ಹುಟ್ಟಿದ ಕಾರ್ಖಾನೆಯನ್ನು ಉದ್ಘಾಟಿಸಿದ ಮಹಾರಾಜರ ಹೆಸರಿನ ರಸ್ತೆಯಲ್ಲೇ ಅದರ ಮುಪ್ಪಿಗೆ ಊರುಗೋಲು ಹುಡುಕಬೇಕಾಯಿತಲ್ಲ ಎಂದುಕೊಂಡೆ. ಅಂಗಡಿಯ ವೃದ್ಧರು ಮೂರು ಬಗೆ ತೋರಿಸಿದರು.

ಮೊದಲನೆಯದು ಪ್ಯಾಡಕ್ ಸ್ಟ್ಯಾಂಡು: ಬಾಗಿಸಿದ ಕೊಳವೆಯ ಸನ್ನೆ. ಹಿಂದಿನ ಚಕ್ರವನ್ನು ಹಿಡಿದಿರುವ ಕವಲಿನ ಕೆಳಗೆ ಕೊಟ್ಟು ಅದುಮಿದರೆ ಆ ಚಕ್ರ ಮಾತ್ರ ನೆಲ ಬಿಡುತ್ತದೆ. ಸೆಂಟರ್ ಸ್ಟ್ಯಾಂಡೇ ಇಲ್ಲದೆ ಬರುವ ಹೊಸ ಗಾಡಿಗಳ ಚೈನು ತೊಳೆದು ಎಣ್ಣೆ ಹಾಕಲು ಇದು ಸಾಕು. ನನ್ನ ಗಾಡಿಯ ಚೈನಾದರೋ ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿರುವುದು, ಮರ್ಯಾದಸ್ಥ ಮನೆತನ. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಚೈನು ಒರೆಸುವಾಗ ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನು ಶುರುಮಾಡಿ ಗೇರು ಹಾಕಿ, ತಾನಾಗಿ ತಿರುಗುವ ಚೈನಿಗೆ ಬಟ್ಟೆ ಹಿಡಿದರೆ, ಬಟ್ಟೆಯೊಂದಿಗೆ ಬೆರಳೂ ಹಲ್ಲುಚಕ್ರದ ಒಳಗೆ ಹೋಗುತ್ತದೆ. ಮಗ ಹಾಗೆ ಮಾಡುತ್ತಿದ್ದುದನ್ನು ಕಂಡು ನಾನು ಕೂಗಿದ ಕೂಗಿಗೆ ಮೂರು ಮನೆಯವರು ಹೊರಗೆ ಬಂದಿದ್ದರು.

ಎರಡನೆಯದು ಗ್ಯಾರೇಜುಗಳಲ್ಲಿರುವ ಮಂಚದಂಥದು. ಏಳಡಿಯಷ್ಟು ಉದ್ದ, ಎರಡಡಿ ಅಗಲದ ಹಲಗೆ. ಮುಂಚಕ್ರವನ್ನು ಕಚ್ಚಿ ಹಿಡಿಯುವ ದವಡೆ. ಕಾಲಿನಿಂದ ತುಳಿದರೆ ಎಣ್ಣೆಯ ಒತ್ತಡದಿಂದ ಗಾಡಿಸಮೇತ ಏಳುತ್ತದೆ. ನೋಡಿ ಬಾಯಲ್ಲಿ ನೀರೂರಿತು. "ಒಳಗಿನ ರಬ್ಬರು ಸವೆದರೆ ಎಣ್ಣೆ ಜಾರುತ್ತೆ ಸ್ವಾಮಿ, ಹಲಗೆ ತಾನಾಗಿ ಇಳಿಯುತ್ತೆ. ಎತ್ತೋದು ಎಣ್ಣೆ, ಹೊರೋದು ಕಬ್ಬಿಣ. ಎತ್ತಿದ ಮೇಲೆ ಈ ಕಬ್ಬಿಣದ ಅಡ್ಡಗೂಟ ಹಾಕಿ, ಅದರ ಮೇಲೆ ಭಾರ ಕೂತ ಮೇಲೇನೇ ಕೆಳಗೆ ಕೈ ಹಾಕಬೇಕು" ಎಂದರು ವೃದ್ಧರು. ಅದನ್ನು ಇಡಬೇಕಾದರೆ ನಮ್ಮ ಮನೆಯ ಮುಂದಿನ ಜಾಗವನ್ನೆಲ್ಲ ಅದಕ್ಕೇ ಬಿಟ್ಟುಕೊಟ್ಟು ನಾವು ಹಿತ್ತಲಿನಿಂದ ಓಡಾಡಬೇಕು; ನಮಗೆ ಹಿತ್ತಲಿಲ್ಲ.

ಹೀಗಾಗಿ ಕೊಂಡದ್ದು ಮೂರನೆಯದನ್ನು, ಕತ್ತರಿ ಜಾಕನ್ನು. ತಿರುಪು ತಿರುಗಿಸಿದರೆ ಕತ್ತರಿಯಂತೆ ಮಡಿಸಿದ ಕಾಲುಗಳು ನೆಟ್ಟಗಾಗಿ ಮೇಲಿನ ಪುಟ್ಟ ಹಲಗೆ ಏಳುತ್ತದೆ. ತಿರುಪಿನ ಮರೆಯೇ ಭಾರವನ್ನು ಹಿಡಿದಿರುವುದರಿಂದ ಕೈ ಬಿಟ್ಟರೂ ಅದು ಕುಸಿಯುವುದಿಲ್ಲ. ಅದರ ಮೇಲೆ 500 ಕಿಲೋ ಎಂದು ಬರೆದಿತ್ತು. ನನ್ನ ಯೆಜ್ಡಿ ಸುಮಾರು 140 ಕಿಲೋ. ಬುಲೆಟ್ 350 ಕೂಡ 200 ದಾಟುವುದಿಲ್ಲ. ಆ ಅಂಕಿಯನ್ನು ಓದಿ ನನಗಾದ ಧೈರ್ಯ ಅಷ್ಟಿಷ್ಟಲ್ಲ.

ಆ ಅಂಕಿ ಹೇಳುವುದು ಮೇಲಿನಿಂದ ಒತ್ತುವ ಭಾರದ ವಿಚಾರವನ್ನು ಮಾತ್ರ. ಪಕ್ಕಕ್ಕೆ ಉರುಳುವ ವಿಚಾರವಾಗಿ ಅದು ಏನನ್ನೂ ಹೇಳುವುದಿಲ್ಲ. ಗುರುತ್ವಕೇಂದ್ರದಿಂದ ಇಳಿಬಿಟ್ಟ ತೂಗುಗುಂಡು ಬುಡದ ಒಳಗೆ ಬಿದ್ದರೆ ವಸ್ತು ನಿಲ್ಲುತ್ತದೆ, ಹೊರಗೆ ಬಿದ್ದರೆ ಉರುಳುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೆ, ಅಂಕವನ್ನೂ ಪಡೆದಿದ್ದೆ. ಎರಡು ಚಕ್ರವೂ ನೆಲ ಬಿಟ್ಟಾಗ ಗಾಡಿಗೆ ಉಳಿಯುವ ಬುಡ ಒಂದು ಗೇಣಗಲದ ಹಲಗೆ ಎಂಬುದು ಮಾತ್ರ ಹೊಳೆಯಲಿಲ್ಲ.

ಅದು ಕಾರ್ತೀಕದ ಸಂಜೆ. ಹಿಂದಿನ ಚಕ್ರದ ಬೇರಿಂಗು ಸದ್ದು ಮಾಡುತ್ತಿತ್ತು. ಗಾಡಿಯ ಚೌಕಟ್ಟಿನ ಕೆಳಗಿನ ಕಂಬಿಗಳಿಗೆ ಜಾಕು ಕೊಟ್ಟು ಎರಡಂಗುಲ ಎತ್ತಿದೆ. ಹೊಸ್ತಿಲ ಬಳಿ ಹಣತೆ ಹಚ್ಚಿಟ್ಟು ಹೊರಗೆ ಬಂದ ನನ್ನ ಹೆಂಡತಿಗೆ, "ಒಂದು ನಿಮಿಷ ಹ್ಯಾಂಡಲ್ ಹಿಡಿದುಕೋ" ಎಂದೆ.

"ಅಲ್ಲಾಡುತ್ತಾ ಇದೆಯಲ್ರೀ" ಎಂದಳು.

"500 ಕಿಲೋ ತಡೆಯುತ್ತೆ" ಎಂದೆ.

ಆಕ್ಸಲಿನ ನಟ್ಟು ತುಕ್ಕು ಹಿಡಿದಿತ್ತು. ಒಂದೂವರೆ ಅಡಿಯ ಸ್ಪ್ಯಾನರಿಗೆ ಮೈಭಾರವನ್ನೆಲ್ಲ ಬಿಟ್ಟು ನನ್ನ ಕಡೆಗೆ ಜಗ್ಗಿದೆ. ನಟ್ಟು ತಿರುಗಲಿಲ್ಲ, ಗಾಡಿ ತಿರುಗಿತು. ತಿರುಗಿದ ಗಾಡಿ ಹಲಗೆಯಿಂದ ಜಾರಿ ಆಕೆಯ ಕಡೆಗೆ ವಾಲಿತು. ನಾನು ಹಿಂದಕ್ಕೆ ಹಾರಿದೆ. ಆಕೆ ಹಾರಲಿಲ್ಲ, ಹಿಡಿದಳು. ಹ್ಯಾಂಡಲು ಹೋಗಿ ಕಾಂಪೌಂಡ್ ಗೋಡೆಗೆ ಬಡಿಯಿತು. ನಡುವೆ ಆಕೆಯ ಬಲಗೈ ಇತ್ತು.

ಟ್ಯಾಂಕಿನಿಂದ ಸುರಿದ ಪೆಟ್ರೋಲು, ಅಂಗಳದ ಇಳಿಜಾರು ಬೀದಿಯ ಕಡೆಗಿದ್ದುದರಿಂದ, ಹಣತೆಯತ್ತ ಹರಿಯದೆ ಗೇಟಿನ ಕೆಳಗೆ ಹೋಯಿತು. ಅದನ್ನು ನಾನು ಗಮನಿಸಿದ್ದು ಆಸ್ಪತ್ರೆಯಿಂದ ಹಿಂತಿರುಗಿದ ಮೇಲೆ. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ತೋರುಬೆರಳು, ನಡುಬೆರಳು ಎರಡೂ ಮುರಿದಿದ್ದವು. ಆರು ವಾರ ಕಟ್ಟು. "ಬಿಟ್ಟುಬಿಡಬಾರದಿತ್ತೇ?" ಎಂದು ಕೇಳಿದೆ. "ನಲವತ್ತು ವರ್ಷದಿಂದ ಒರೆಸಿ ಇಟ್ಟುಕೊಂಡಿದ್ದೀರಿ, ಬಿದ್ದರೆ ನಿಮಗೆ ಹೇಗಾಗುತ್ತೋ ಅಂತ ಹಿಡಿದೆ" ಎಂದಳು. ಇದಕ್ಕೆ ಏನು ಉತ್ತರ ಹೇಳಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ. ಆ ಆರು ವಾರ ಬೆಳಿಗ್ಗೆ ರಂಗೋಲಿ ಹಾಕಿದವನು ನಾನು. ಎದುರುಮನೆಯ ಹುಡುಗಿ ಒಂದು ದಿನ ನಿಂತು ನೋಡಿ, "ತಾತ, ಇದು ಆಮೆಯೇ?" ಎಂದು ಕೇಳಿತು. ಅದು ಕಮಲವಾಗಿತ್ತು.

ಮಗ ಜಾಕನ್ನು ಗುಜರಿಗೆ ಹಾಕಲು ಹೊರಟ. ನಾನು ಅದನ್ನು ಆಟೋದಲ್ಲಿಟ್ಟುಕೊಂಡು ಅದೇ ವೃದ್ಧರ ಬಳಿಗೆ ಹೋಗಿ ನಡೆದುದನ್ನು ಹೇಳಿದೆ. ಅವರು ಬಯ್ಯಲಿಲ್ಲ. "ನಟ್ಟನ್ನ ಎತ್ತೋಕೆ ಮುಂಚೆ ಸಡಿಲಿಸಬೇಕು ಸ್ವಾಮಿ, ಚಕ್ರ ನೆಲದಲ್ಲಿದ್ದಾಗ. ಬಿಗಿಯೋದೂ ಇಳಿಸಿದ ಮೇಲೇನೇ. ಎತ್ತಿದ ಗಾಡಿ ಹತ್ರ ಜೋರು ಮಾಡಬಾರದು" ಎಂದು ಕಾಗದದ ಮೇಲೆ ಬರೆದು ತೋರಿಸಿದರು. ನಿಮ್ಮ ಗಾಡಿಗೆ ಸೆಂಟರ್ ಸ್ಟ್ಯಾಂಡೇ ಇರುವಾಗ ಹಿಂದಿನ ಚಕ್ರಕ್ಕೆ ಜಾಕೇಕೆ ಎಂದೂ ಕೇಳಿದರು. ಎಳೆಯಲು ಶಕ್ತಿಯಿಲ್ಲ ಎಂಬುದನ್ನು ಆಗ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. ಅವರು ನಕ್ಕು ಒಂದಂಗುಲ ದಪ್ಪದ ಹಲಗೆಯ ತುಂಡೊಂದನ್ನು ಕೈಗಿತ್ತರು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಹಿಂಚಕ್ರವನ್ನು ಆ ಹಲಗೆಯ ಮೇಲೆ ಉರುಳಿಸಿ, ಸ್ಟ್ಯಾಂಡಿನ ಎರಡು ಕಾಲೂ ನೆಲ ಮುಟ್ಟುವಂತೆ ತುಳಿದರೆ ಗಾಡಿ ತಾನಾಗಿ ಹಿಂದಕ್ಕೆ ಸರಿದು ನಿಲ್ಲುತ್ತದೆ. ಹಲಗೆ ಕೊಟ್ಟ ಆ ಒಂದಂಗುಲವೇ ನನ್ನ ತೋಳಿಗೆ ಕಡಮೆಯಾಗಿದ್ದ ಬಲ.

ಈಗ ಜಾಕಿಗೆ ಕೆಲಸ ಮುಂಚಕ್ರ ಬಿಚ್ಚುವಾಗ ಮಾತ್ರ. ಸೆಂಟರ್ ಸ್ಟ್ಯಾಂಡಿನ ಎರಡು ಕಾಲು ಹಿಂದೆ, ಮರದ ತುಂಡನ್ನು ಅಡಿಗಿಟ್ಟ ಜಾಕು ಮುಂದೆ. ಒಲೆಯ ಮೂರು ಗುಂಡುಗಳಂತೆ ಭಾರ ಮೂರು ಕಡೆ ಕೂರುತ್ತದೆ. ಅಡಿಯಲ್ಲಿ ಸೈಲೆನ್ಸರಿನ ಕೊಳವೆಗೆ ತಾಗದಂತೆ ನೋಡಿಕೊಳ್ಳುತ್ತೇನೆ. ಹಳೆಯ ಬುಲೆಟ್ಟು ಇರುವವರು ಇನ್ನೂ ಎಚ್ಚರವಾಗಿರಬೇಕು. ಅದರ ಎಂಜಿನಿನ ಕೆಳಗೆ ಚೌಕಟ್ಟಿನ ಕಂಬಿಯೇ ಇಲ್ಲದ್ದರಿಂದ ಜಾಕು ನೇರವಾಗಿ ಎಂಜಿನಿನ ಅಲ್ಯುಮಿನಿಯಂ ಹೊಟ್ಟೆಗೇ ಒತ್ತುತ್ತದೆ. ಗೋಡೆಗೆ ಎರಡು ಕೊಂಡಿ ಹೊಡೆಸಿದ್ದೇನೆ. ಅವಕ್ಕೆ ಪಟ್ಟಿ ಬಿಗಿದು ಹ್ಯಾಂಡಲನ್ನು ಕಟ್ಟುತ್ತೇನೆ. ಅಂಗಳದ ನುಣುಪು ಗ್ರಾನೈಟಿನ ಮೇಲೆ ರಬ್ಬರು ಹಾಸು ಬಂದಿದೆ. ಹಣತೆ ಹಚ್ಚುವ ಹೊತ್ತಿಗೆ ಮುಂಚೆಯೇ ಕೆಲಸ ಮುಗಿಯುತ್ತದೆ. ಗಾಡಿ ವಾಲಿದರೆ ಯಾರೂ ಹಿಡಿಯತಕ್ಕದ್ದಲ್ಲ, ಬಿದ್ದರೆ ಬೀಳಲಿ ಎಂಬುದು ಮನೆಯ ಕಾನೂನು. ಅದನ್ನು ಮಾಡಿದವನು ನಾನು, ಆಕೆ ಅದಕ್ಕೆ ಇನ್ನೂ ಪೂರ್ತಿ ಒಪ್ಪಿಗೆ ಕೊಟ್ಟಿಲ್ಲ.

ಆಕೆಯ ತೋರುಬೆರಳು ಪೂರ್ತಿ ಮಡಿಸುವುದಿಲ್ಲ. ರಂಗೋಲಿಯ ಎಳೆ ಮೊದಲಿಗಿಂತ ಕೊಂಚ ದಪ್ಪ ಬೀಳುತ್ತದೆ. ಭಾನುವಾರ ಬೆಳಿಗ್ಗೆ ನಾನು ಜಾಕನ್ನು ಹೊರಗೆ ತೆಗೆದ ಸದ್ದು ಕೇಳಿದ ಕೂಡಲೆ ಕಾಫಿಯ ಲೋಟ ಹಿಡಿದು ಹೊಸ್ತಿಲವರೆಗೆ ಬರುತ್ತಾಳೆ, ಅದನ್ನು ದಾಟುವುದಿಲ್ಲ.

"ನಟ್ಟು ಸಡಿಲಿಸಿದಿರಾ?" ಎಂದು ಅಲ್ಲಿಂದಲೇ ಕೇಳುತ್ತಾಳೆ.

"ಸಡಿಲಿಸಿದೆ" ಎನ್ನುತ್ತೇನೆ.

"ಇನ್ನೊಂದು ಸಲ ನೋಡಿ" ಎನ್ನುತ್ತಾಳೆ. ನಾನು ಸ್ಪ್ಯಾನರು ತೆಗೆದುಕೊಂಡು ಇನ್ನೊಂದು ಸಲ ನೋಡುತ್ತೇನೆ.