ಅದೇ ಪ್ರಸಂಗ, ದೊಡ್ಡ ರಂಗಸ್ಥಳ

ಮಂದಾರ್ತಿ ಮೇಳದ ಯಕ್ಷಗಾನ ಆಟ ನೋಡಿ ಬೆಳೆದವರು ‘ಕತೆ ಗೊತ್ತಿದೆ’ ಎಂದು ಎದ್ದು ಹೋಗುವುದಿಲ್ಲ. ‘ಭೀಷ್ಮ ವಿಜಯ’ದ ಅಂಬೆಗೆ ಕಡೆಗೆ ಏನಾಗುತ್ತದೆಂದು ಬ್ರಹ್ಮಾವರದಿಂದ ಬೈಂದೂರಿನ ತನಕ ಎಲ್ಲರಿಗೂ ಗೊತ್ತು. ಆದರೂ ಕೂರುತ್ತೇವೆ, ಇವತ್ತಿನ ಅಂಬೆ ಹೇಗೆ ಕೇಳುತ್ತಾಳೆ, ಭೀಷ್ಮ ಏನು ಹೇಳುತ್ತಾನೆ ಎಂದು ಕಾಯುತ್ತೇವೆ. ‘ಉಗ್ರಂ’ ನೋಡಿದ ಮೇಲೆ ‘ಸಲಾರ್’ಗೆ ನಾನು ಹೋದದ್ದೂ ಇದೇ ಆಸೆಯಿಂದ.

2014ರ ‘ಉಗ್ರಂ’ ಪ್ರಶಾಂತ್ ನೀಲ್ ನಿರ್ದೇಶಿಸಿದ ಮೊದಲ ಚಿತ್ರ. 2023ರಲ್ಲಿ ತೆರೆಗೆ ಬಂದ ‘ಸಲಾರ್’ನ ಬೇರು ಅದರಲ್ಲೇ ಇದೆಯೆಂದು ಅವರೇ ಹೇಳಿದ್ದಾರೆ. ಎರಡಕ್ಕೂ ಸಂಗೀತ ಕುಂದಾಪುರದ ಪಕ್ಕದ ಬಸ್ರೂರಿನವರೇ ಆದ ರವಿ ಬಸ್ರೂರು ಅವರದು. ಪ್ರಸಂಗ ಅದೇ, ಭಾಗವತರೂ ಅವರೇ, ರಂಗಸ್ಥಳ ಹಿರಿದಾಗಿದೆ.

ಎರಡರಲ್ಲೂ ವಿದೇಶದಿಂದ ಬಂದ ಹುಡುಗಿಗೆ ಪ್ರಾಣಭಯ. ಕಾಯಬೇಕಾದವನ ಕೈಯನ್ನು ತಾಯಿಯ ಮಾತು ಕಟ್ಟಿಹಾಕಿದೆ. ಅವನು ಬಿಟ್ಟುಬಂದ ಕ್ರೂರ ಊರಿನಲ್ಲಿ ಬಾಲ್ಯದ ಗೆಳೆಯನಿದ್ದಾನೆ. ಕೋಲಾರದಲ್ಲಿದ್ದ ಶ್ರೀಮುರಳಿಯ ಅಗಸ್ತ್ಯ ಅಸ್ಸಾಮಿನಲ್ಲಿ ಪ್ರಭಾಸ್‌ರ ದೇವನಾದ. ತಿಲಕ್‌ರ ಬಾಲ ಪೃಥ್ವಿರಾಜ್‌ರ ವರದನಾದ. ಆ ಕ್ರೂರ ಊರು ಮುಘೋರ್ ಇಲ್ಲಿ ಖಾನ್ಸಾರ್ ಆಯಿತು.

‘ಉಗ್ರಂ’ ಕಾಲಮಿತಿಯ ಆಟದ ಹಾಗೆ ಬಿಗಿ. ಅಗಸ್ತ್ಯನ ಸಿಟ್ಟು ಒಂದು ಮನೆಯೊಳಗಿನ ಸಿಟ್ಟು. ತಾಯಿಯ ಮುಖ ನೋಡಿ ಅವನು ನುಂಗಿಕೊಳ್ಳುವುದನ್ನು ನಾವೂ ನುಂಗುತ್ತೇವೆ. ಆ ಮೌನ ಬೆಳೆಯಲು ಸಂಗೀತವೂ ಜಾಗ ಬಿಡುತ್ತದೆ. ‘ಸಲಾರ್’ನಲ್ಲಿ ದೊರೆದೊರೆಗೂ ಒಡ್ಡೋಲಗ. ವಂಶಾವಳಿ, ಕಟ್ಟಳೆ, ಸಿಂಹಾಸನದ ಲೆಕ್ಕ ಹೇಳುವಷ್ಟರಲ್ಲಿ ಹೆಚ್ಚುಕಡಿಮೆ ಮೂರು ತಾಸು ಕಳೆದು, ಕತೆ ಅರ್ಧಕ್ಕೆ ನಿಲ್ಲುತ್ತದೆ. ತಾಯಿ-ಮಗನ ನಡುವಿನ ಆ ಬಿಸಿ ಇಷ್ಟು ಜನರ ನಡುವೆ ಆರಿಹೋಗಿದೆ. ನನಗೆ ನೋವಾದದ್ದು ಇಲ್ಲೇ.

ಹಾಗೆಂದು ಹೊಸತು ಬರಿಗೈಯಲ್ಲಿ ಬಂದಿಲ್ಲ. ಗೆಳೆಯನ ಮೂಗುತಿ ಮರಳಿ ತರಲು ಬಾಲಕ ದೇವ ಪೈಲ್ವಾನನ ಎದುರು ನಿಲ್ಲುತ್ತಾನೆ. ದೇವನ ತಾಯಿಯನ್ನು ಉಳಿಸಲು ವರದ ತನ್ನ ಪಾಲಿನ ಸೀಮೆಯನ್ನೇ ಬಿಟ್ಟುಕೊಡುತ್ತಾನೆ. ಇಬ್ಬರೂ ಒಬ್ಬರಿಗೊಬ್ಬರು ಋಣಿಗಳಾದ ಮೇಲೆ ದೇವನ ‘ಕರೆದರೆ ಬರುತ್ತೇನೆ’ ಎಂಬ ಮಾತಿಗೆ ತೂಕ ಬರುತ್ತದೆ. ‘ಉಗ್ರಂ’ನಲ್ಲಿ ನಾವು ನಂಬಿಕೊಂಡ ಸ್ನೇಹವನ್ನು ‘ಸಲಾರ್’ ಕಣ್ಣಾರೆ ತೋರಿಸಿತು. ಒಂದೇ ಕತೆಯನ್ನು ಮತ್ತೆ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಇಂದಿಗೂ ನನ್ನ ಮನಸ್ಸು ‘ಉಗ್ರಂ’ ಕಡೆಗೇ. ಆದರೆ ಸ್ನೇಹ ಹಗೆಯಾಗುವ ಭಾಗವನ್ನು ‘ಉಗ್ರಂ’ ಒಂದೇ ಆಟದಲ್ಲಿ ಹೇಳಿ ಮುಗಿಸಿತ್ತು. ‘ಸಲಾರ್’ ಅದನ್ನು ಮುಂದಿನ ಭಾಗಕ್ಕೆ ಉಳಿಸಿಕೊಂಡಿದೆ. ಅಲ್ಲಿ ಸೈನ್ಯಕ್ಕಿಂತ ಹೆಚ್ಚು ಹೊತ್ತು ಆ ಇಬ್ಬರು ಗೆಳೆಯರು ಎದುರುಬದುರು ನಿಂತರೆ, ಹಿರಿದಾದ ರಂಗಸ್ಥಳ ಸಾರ್ಥಕ.